ಮುಂಬಯಿಯ ಬಿಡಾರಗಳು: ಬಾಡಿಗೆದಾರನ ಇತಿಹಾಸಕ್ಕೊಂದು ಪೀಠಿಕೆ

ನಮ್ಮ ನುಡಿಯಲ್ಲಿ ಮನುಷ್ಯನ ವಾಸಸ್ಥಾನಕ್ಕೆ ಮನೆಯೆಂಬ ಹೆಸರೊಂದು, ಬಿಡಾರವೆಂಬ ಹೆಸರು ಇನ್ನೊಂದು. ಮನೆಯನ್ನು ಕಟ್ಟುವುದುಂಟು, ಬಿಡಾರವನ್ನು ಹೂಡುವುದಷ್ಟೆ. ಮನೆಯಲ್ಲಿ ದೇವರ ಪೀಠವೂ ಹಿರಿಯರ ತಿಥಿಯೂ ಇರುತ್ತವೆ. ಬಿಡಾರದಲ್ಲಿ ಒಂದು ಟ್ರಂಕು, ಒಂದು ಸುರುಳಿ ಹಾಸಿಗೆ. ಮುಂಬಯಿಗೆ ಬಂದ ಕನ್ನಡಿಗರ ಮೊದಲ ತಲೆಮಾರುಗಳವರು ಇಪ್ಪತ್ತು ಮೂವತ್ತು ವರ್ಷ ಇಲ್ಲಿಯೇ ದುಡಿದರೂ ಪರೇಲಿನ ಖೋಲಿಯನ್ನು ಬಿಡಾರವೆಂದೇ ಕರೆದರು. ಕುಂದಾಪುರದ ಹಂಚಿನ ಮಾಡನ್ನೋ ಬಾಗಲಕೋಟೆಯ ಮಣ್ಣಿನ ಮಾಳಿಗೆಯನ್ನೋ ಮನೆಯೆಂದರು. ಇದು ಕೇವಲ ಮಾತಿನ ರೂಢಿಯಲ್ಲ. ಈ ನಗರದಲ್ಲಿ ಬಾಡಿಗೆಯ ಮನೆಗೆ ಬೇಡಿಕೆ ಹುಟ್ಟಿದುದು ಹೇಗೆ, ಬಾಡಿಗೆದಾರನೆಂಬವನು ಯಾರು ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಈ ಎರಡು ಪದಗಳ ನಡುವಣ ಅಂತರದಲ್ಲಿಯೇ ಹುಡುಕಬೇಕೆಂಬುದು ಪ್ರಸ್ತುತ ಲೇಖನದ ಅಭಿಪ್ರಾಯ.

ಜನ ಹೆಚ್ಚಿದರೆ ಮನೆಗೆ ಬೇಡಿಕೆ ಹೆಚ್ಚುತ್ತದೆ, ಬೇಡಿಕೆ ಹೆಚ್ಚಿದರೆ ಬಾಡಿಗೆ ಏರುತ್ತದೆ ಎಂದು ಸಾಮಾನ್ಯವಾಗಿ ಹೇಳುವುದುಂಟು. ಮಾತು ಸುಳ್ಳಲ್ಲ, ಆದರೆ ಮುಂಬಯಿಯ ವಿಷಯದಲ್ಲಿ ಅದರಿಂದ ಹೆಚ್ಚೇನೂ ತಿಳಿದಂತಾಗುವುದಿಲ್ಲ. ಅಮೆರಿಕೆಯ ಅಂತರ್ಯುದ್ಧದಿಂದಾಗಿ ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂದಿದ್ದ ೧೮೬೪ರಲ್ಲಿ ನಡೆದ ಜನಗಣತಿಯಲ್ಲಿ ನಗರದ ಜನಸಂಖ್ಯೆ ೮,೧೬,೫೬೨ ಎಂದು ಕಂಡುಬಂದಿತು. ಯುದ್ಧ ಮುಗಿದು ೧೮೬೫ರಲ್ಲಿ ಸಟ್ಟಾ ವ್ಯಾಪಾರ ಕುಸಿದ ಮೇಲೆ ೧೮೭೨ರಲ್ಲಿ ಎಣಿಸಿದಾಗ ಉಳಿದವರು ೬,೪೪,೪೦೫. ಎಂಟು ವರ್ಷಗಳಲ್ಲಿ ಒಂದು ಲಕ್ಷದ ಎಪ್ಪತ್ತು ಸಾವಿರಕ್ಕೂ ಮಿಕ್ಕ ಜನ ಎಲ್ಲಿಗೆ ಹೋದರು? ಬಹುಪಾಲು ಬಂದಲ್ಲಿಗೇ ಹೋದರು. ೧೮೯೬ರಲ್ಲಿ ಮಾಂಡವಿಯ ಧಾನ್ಯದ ಗೋದಾಮುಗಳ ಸುತ್ತ ಪ್ಲೇಗು ಕಾಣಿಸಿಕೊಂಡಾಗಲೂ ಇದೇ ಕಥೆ. ಕೆಲವೇ ತಿಂಗಳುಗಳಲ್ಲಿ ನಗರದ ಅರ್ಧಕ್ಕೆ ಸಮೀಪದ ಜನ ಹಡಗು ರೈಲುಗಳನ್ನೇರಿ ಹೊರಟುಹೋದರು. ೧೯೦೧ರ ಗಣತಿಯ ೭,೭೬,೦೦೬ ಎಂಬ ಸಂಖ್ಯೆಯು ಹತ್ತು ವರ್ಷದ ಹಿಂದಿನ ಸಂಖ್ಯೆಗಿಂತಲೂ ಕಡಿಮೆ. ಆದರೆ ೧೯೧೧ಕ್ಕೆ ಅದು ೯,೭೯,೪೪೫ಕ್ಕೆ ಏರಿತು. ಬೇರೂರಿದ ಜನರ ಸಂಖ್ಯೆ ಹೀಗೆ ಏರಿಳಿಯುವುದಿಲ್ಲ. ಹಿಂದಿರುಗಲು ಬೇರೊಂದು ಮನೆಯಿದ್ದವರ ಊರು ಮಾತ್ರ ಹೀಗೆ ಸಂತೆಯಂತೆ ನೆರೆದು ಸಂತೆಯಂತೆ ಚೆದರಬಲ್ಲದು.

ಇದಕ್ಕೆ ಇನ್ನೆರಡು ಸಾಕ್ಷ್ಯಗಳನ್ನು ಜನಗಣತಿಗಳೇ ಒದಗಿಸುತ್ತವೆ. ೧೯೨೧ರಲ್ಲಿ ಮುಂಬಯಿಯಲ್ಲಿದ್ದವರ ಪೈಕಿ ಮುಂಬಯಿಯಲ್ಲೇ ಹುಟ್ಟಿದವರು ನೂರಕ್ಕೆ ಹದಿನಾರು ಮಂದಿ ಮಾತ್ರ. ಉಳಿದ ಎಂಬತ್ತನಾಲ್ಕು ಮಂದಿ ಹೊರಗಿನಿಂದ ಬಂದವರು. ಅದೇ ವರ್ಷ ಸಾವಿರ ಗಂಡಸರಿಗೆ ಇದ್ದ ಹೆಂಗಸರ ಸಂಖ್ಯೆ ಐನೂರ ಇಪ್ಪತ್ತೈದರ ಸುತ್ತ. ಎಂದರೆ, ಈ ನಗರದ ಗಂಡಸರಲ್ಲಿ ಅರ್ಧದಷ್ಟು ಜನ ಸಂಸಾರವನ್ನು ಊರಿನಲ್ಲಿಯೇ ಬಿಟ್ಟು ಬಂದವರು, ಇಲ್ಲವೆ ಇನ್ನೂ ಸಂಸಾರವನ್ನು ಹೂಡದವರು. ಹೆಂಡತಿ ಮಕ್ಕಳು, ಮುಪ್ಪಿನ ತಾಯಿತಂದೆಗಳು, ಬೇನೆಬಿದ್ದಾಗಿನ ಆರೈಕೆ, ಕೆಲಸವಿಲ್ಲದ ದಿನಗಳ ಊಟ, ಇವೆಲ್ಲದರ ಭಾರವನ್ನು ರತ್ನಾಗಿರಿಯ ಗದ್ದೆಯೋ ದಕ್ಷಿಣ ಕನ್ನಡದ ಹಿತ್ತಿಲೋ ಹೊರುತ್ತಿತ್ತು. ಗಿರಣಿಯ ಒಡೆಯನು ಕೊಟ್ಟ ಸಂಬಳ ಒಂದು ದೇಹಕ್ಕೆ ಸಾಕಾಗಿ ಮಿಕ್ಕಿದ್ದು ಮನಿಆರ್ಡರಿಗೆ ಸಾಲುವಷ್ಟಿತ್ತು. ಒಂದು ಸಂಸಾರವನ್ನು ನಗರದಲ್ಲಿ ಇಡುವಷ್ಟಿರಲಿಲ್ಲ. ಮುಂಬಯಿಯ ಬಾಡಿಗೆಯ ಮನೆಯು ಈ ಸಂಬಳದ ಅಳತೆಗೆ ತಕ್ಕಂತೆ ಹುಟ್ಟಿತೆಂಬುದನ್ನು ಮರೆಯಬಾರದು. ಅದು ಅರ್ಧ ಮನುಷ್ಯನಿಗಾಗಿ ಕಟ್ಟಿದ ಮನೆ. ಉಳಿದರ್ಧ ಊರಿನಲ್ಲಿತ್ತು.

೧೮೫೪ರಲ್ಲಿ ಕಾವಸಜಿ ದಾವರ್ ಎಂಬ ಪಾರಸಿ ವರ್ತಕನು ತಾಡದೇವದಲ್ಲಿ ಮೊದಲ ಹತ್ತಿ ಗಿರಣಿಗೆ ಬಂಡವಾಳ ಕೂಡಿಸಿದನು. ಶತಮಾನದ ಕೊನೆಗೆ ಗಿರಣಿಗಳ ಸಂಖ್ಯೆ ಎಂಬತ್ತರ ಸಮೀಪಕ್ಕೆ ಬಂದಿತ್ತು. ಅವುಗಳ ಸುತ್ತ, ಬಾಯಕಳೆಯಿಂದ ಪರೇಲಿನವರೆಗೆ, ಚಾಳುಗಳೆದ್ದವು. ಮೂರು ನಾಲ್ಕು ಮಹಡಿ. ಪ್ರತಿ ಮಹಡಿಗೂ ಉದ್ದಕ್ಕೆ ಒಂದು ಪಡಸಾಲೆ. ಪಡಸಾಲೆಗೆ ಬಾಗಿಲು ತೆರೆವ ಸಾಲು ಖೋಲಿಗಳು. ಕೊನೆಯಲ್ಲಿ ಎಲ್ಲರಿಗೂ ಸೇರಿದ ನಲ್ಲಿ ಮತ್ತು ಪಾಯಖಾನೆ. ಕೆಲವನ್ನು ಗಿರಣಿಯವರೂ ಹೆಚ್ಚಿನವನ್ನು ಖಾಸಗಿ ಶೇಠರೂ ಕಟ್ಟಿದರು. ಶೇಠನಿಂದ ಖೋಲಿಯನ್ನು ಹಿಡಿದವನು ಅದರಲ್ಲಿ ಒಬ್ಬನೇ ಇರುತ್ತಿರಲಿಲ್ಲ. ಇನ್ನೂ ನಾಲ್ಕಾರು ಜನರನ್ನು ಸೇರಿಸಿಕೊಂಡು ಅವರಿಂದ ಬಾಡಿಗೆ ಪಡೆಯುತ್ತಿದ್ದನು. ಹಗಲು ಪಾಳಿಯವನ ಚಾಪೆಯ ಮೇಲೆ ರಾತ್ರಿ ಪಾಳಿಯವನು ಹಗಲೆಲ್ಲ ಮಲಗಿದ್ದುಂಟು. ಕೊಂಕಣದ ಒಂದೊಂದು ಹಳ್ಳಿಯವರು ವಂತಿಗೆ ಹಾಕಿ ಒಂದು ಖೋಲಿಯನ್ನು ಹಿಡಿಯುತ್ತಿದ್ದರು. ಆ ಹಳ್ಳಿಯಿಂದ ಬಂದ ಯಾರಿಗಾದರೂ ಅಲ್ಲಿ ಟ್ರಂಕು ಇಡಲು ಜಾಗ ಇರುತ್ತಿತ್ತು. ಗೋವೆಯ ಕ್ರೈಸ್ತರು ಧೋಬಿತಲಾವದ ಸುತ್ತ ನಡೆಸಿದ 'ಕೂಡ'ಗಳೂ ಇದೇ ಬಗೆಯವು. ಹಡಗಿನ ಕೆಲಸದವರು ಎರಡು ಪ್ರಯಾಣಗಳ ನಡುವೆ ತಂಗುವುದಕ್ಕೆ ಅವು ಬಹುಕಾಲ ಆಶ್ರಯವಾದವು. ಊಟಕ್ಕೆ ಖಾನಾವಳಿ. ಅನೇಕ ಖಾನಾವಳಿಗಳನ್ನು ನಡೆಸಿದವರು ಒಂಟಿ ಹೆಂಗಸರು, ವಿಧವೆಯರು. ಗಿರಣಿಯ ಹೆಸರಿನ ಪಟ್ಟಿಯಲ್ಲಿ ಅವರು ಸಿಗುವುದಿಲ್ಲ. ಆದರೆ ಅವರ ಅಡಿಗೆಯ ಒಲೆಯಿಲ್ಲದಿದ್ದರೆ ಚಾಳಿನ ಈ ವ್ಯವಸ್ಥೆ ಒಂದು ವಾರವೂ ನಡೆಯುತ್ತಿರಲಿಲ್ಲ.

ಸರಕಾರವು ಇದರೊಳಕ್ಕೆ ಕೈಯಿಕ್ಕಿದುದು ಪ್ಲೇಗಿನ ಭಯದಿಂದ. ೧೮೯೮ರಲ್ಲಿ ನಗರ ಸುಧಾರಣಾ ಟ್ರಸ್ಟು ಸ್ಥಾಪಿತವಾಯಿತು. ಕಿಕ್ಕಿರಿದ ಓಣಿಗಳನ್ನು ಸೀಳಿ ಸ್ಯಾಂಡ್‌ಹರ್ಸ್ಟ್ ರಸ್ತೆ, ಪ್ರಿನ್ಸೆಸ್ ಸ್ಟ್ರೀಟುಗಳನ್ನು ತೆರೆದ ಕೀರ್ತಿ ಅದರದು. ಗಾಳಿ ಬೆಳಕು ಬಂದವು, ನಿಜ. ಆದರೆ ತನ್ನ ಮೊದಲ ಎರಡು ದಶಕಗಳಲ್ಲಿ ಟ್ರಸ್ಟು ಕೆಡವಿದ ಖೋಲಿಗಳಷ್ಟನ್ನು ಕಟ್ಟಲಿಲ್ಲ. ಕೆಡವಿದ ಓಣಿಯವರು ಪಕ್ಕದ ಓಣಿಯಲ್ಲಿ ನುಗ್ಗಿ, ಅದನ್ನೂ ಕೆಡವಲು ಯೋಗ್ಯವಾಗುವಂತೆ ಮಾಡಿದರು. ಟ್ರಸ್ಟಿನ ಚಾಳುಗಳ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಡಾ. ಅಂಬೇಡಕರರು ಪರೇಲಿನ ಇಂತಹ ಚಾಳೊಂದರ ಎರಡು ಖೋಲಿಗಳಲ್ಲಿ ಸುಮಾರು ಎರಡು ದಶಕಗಳ ಕಾಲ ಇದ್ದರು. ವಿಲಾಯತಿಯ ಪದವಿಗಳನ್ನು ಪಡೆದು ಬಂದ ಮೇಲೂ ಅಲ್ಲಿಯೇ ಇದ್ದರು. ಅದೇ ಅಂಬೇಡಕರರಿಗೆ ೧೯೧೭ರಲ್ಲಿ ಬಡೋದೆಯಲ್ಲಿ ಸಂಸ್ಥಾನದ ದೊಡ್ಡ ಹುದ್ದೆಯಿದ್ದರೂ ಬಾಡಿಗೆಗೆ ಒಂದು ಮನೆ ಸಿಗಲಿಲ್ಲ. ತಂಗಿದ್ದ ಪಾರಸಿ ಛತ್ರದಿಂದಲೂ ಹೊರದೂಡಲ್ಪಟ್ಟರು. ಬಾಡಿಗೆಯ ಮಾರುಕಟ್ಟೆಯಲ್ಲಿ ಹಣವೊಂದೇ ನಾಣ್ಯವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಖಾಸಗಿ ಒಡೆಯನು ಜಾತಿಯನ್ನು ಕೇಳಿ ಬಾಗಿಲು ಮುಚ್ಚುತ್ತಿದ್ದ ಕಾಲದಲ್ಲಿ ಸಾರ್ವಜನಿಕ ಸಂಸ್ಥೆಯ ಚಾಳು ದಲಿತ ಬಾಡಿಗೆದಾರನಿಗೆ ಎಷ್ಟರಮಟ್ಟಿಗೆ ಆಸರೆಯಾಯಿತೆಂಬುದು ಪ್ರತ್ಯೇಕವಾಗಿಯೇ ಬರೆಯತಕ್ಕ ವಿಷಯ.

ಈಗ ನಮ್ಮ ವಾದಕ್ಕೆ ಎಲ್ಲಕ್ಕಿಂತ ಪ್ರಬಲವಾದ ಸಾಕ್ಷ್ಯವನ್ನು ನೋಡೋಣ. ಮೊದಲ ಮಹಾಯುದ್ಧದ ಹೊತ್ತಿಗೆ ಖೋಲಿಗಳ ಅಭಾವ ವಿಪರೀತವಾಗಿ, ೧೯೧೮ರಲ್ಲಿ ಬಾಡಿಗೆ ನಿಯಂತ್ರಣದ ಮೊದಲ ಕಾಯಿದೆ ಬಂದಿತು. ೧೯೨೦ರಲ್ಲಿ ಗವರ್ನರ್ ಜಾರ್ಜ್ ಲಾಯ್ಡನು ಅಭಿವೃದ್ಧಿ ಇಲಾಖೆಯೊಂದನ್ನು ತೆರೆದು, ಕಾರ್ಮಿಕರಿಗೆ ಐವತ್ತು ಸಾವಿರ ಖೋಲಿಗಳನ್ನು ಕಟ್ಟುವೆನೆಂದು ಸಾರಿದನು. ಇದರ ವೆಚ್ಚಕ್ಕಾಗಿ ನಗರಕ್ಕೆ ಬರುವ ಹತ್ತಿಯ ಪ್ರತಿಯೊಂದು ಅಂಡಿಗೆಯ ಮೇಲೆ ಒಂದು ರೂಪಾಯಿ ಸುಂಕ ಕುಳಿತಿತು. ವರಳಿಯಲ್ಲಿ ೧೨೧, ನಾಯಗಾಂವದಲ್ಲಿ ೪೨, ಡಿಲೈಲ್ ರಸ್ತೆಯಲ್ಲಿ ೩೨, ಶಿವಡಿಯಲ್ಲಿ ೧೨, ಒಟ್ಟು ೨೦೭ ಚಾಳುಗಳು ಸಿಮೆಂಟ್ ಕಾಂಕ್ರೀಟಿನಲ್ಲಿ ಎದ್ದು ನಿಂತವು. ಒಂದೊಂದರಲ್ಲಿ ಎಂಬತ್ತು ಖೋಲಿ; ಒಂದೊಂದು ಖೋಲಿ ೧೬೦ ಚದರ ಅಡಿ. ನಗರದಲ್ಲಿ ಜನ ಓಣಿಯ ಕಟ್ಟೆಗಳ ಮೇಲೆ ಮಲಗುತ್ತಿದ್ದರು. ಇಲ್ಲಿ ಸರಕಾರದ ಹೊಸ ಖೋಲಿಗಳು ಸಾವಿರಗಟ್ಟಲೆ ಸಿದ್ಧವಾದವು. ಅವು ಮರುದಿನವೇ ತುಂಬಿಹೋದುವೆಂದು ವಾಚಕರು ಭಾವಿಸಬಹುದು. ತುಂಬಲಿಲ್ಲ. ೧೯೨೦ರ ದಶಕದುದ್ದಕ್ಕೂ, ವಿಶೇಷವಾಗಿ ವರಳಿಯಲ್ಲಿ, ಸಾವಿರಾರು ಖೋಲಿಗಳು ಖಾಲಿಯಾಗಿಯೇ ಇದ್ದವು. ಐವತ್ತು ಸಾವಿರದ ಯೋಜನೆಯನ್ನು ಮೂರರಲ್ಲೊಂದು ಭಾಗಕ್ಕೇ ಮೊಟಕುಗೊಳಿಸಬೇಕಾಯಿತು. ೧೯೩೦ರ ಕಾಯಿದೆಭಂಗ ಚಳವಳಿಯ ಕಾಲದಲ್ಲಿ ವರಳಿಯ ಚಾಳುಗಳನ್ನು ರಾಜಕೀಯ ಕೈದಿಗಳ ತಾತ್ಕಾಲಿಕ ಸೆರೆಮನೆಯನ್ನಾಗಿ ಬಳಸಿದರೆಂದರೆ ಸ್ಥಿತಿಯನ್ನು ಊಹಿಸಬಹುದು. ಬಾಡಿಗೆದಾರ ಬಾರದ ಮನೆಗೆ ಸತ್ಯಾಗ್ರಹಿಯನ್ನು ತಂದು ಕೂಡಿದರು!

ಏಕೆ ಹೀಗಾಯಿತು? ಬಾಡಿಗೆ ದುಬಾರಿಯೆಂಬುದು ಒಂದು ಕಾರಣ. ಬಾಡಿಗೆಯನ್ನು ನಿಜವಾದ ವೆಚ್ಚಕ್ಕಿಂತ ಕೆಳಗಿಳಿಸಿದ ಮೇಲೂ ಜನ ಬಾರದಿದ್ದುದರಿಂದ ಅದೊಂದೇ ಕಾರಣವಲ್ಲ. ವರಳಿ ಆಗ ಗಿರಣಿಗಳಿಂದ ದೂರ. ಕೂಲಿಕಾರನಿಗೆ ಕೆಲಸವು ದಿನದಿನವೂ ಗಿರಣಿಯ ಬಾಗಿಲಲ್ಲಿ ಜಾಬರನ ಕಣ್ಣಿಗೆ ಬಿದ್ದಾಗ ಸಿಗುತ್ತಿತ್ತು. ಆದುದರಿಂದ ಬಾಗಿಲ ಹತ್ತಿರ ಇರುವುದು ಆತನಿಗೆ ಗಾಳಿ ಬೆಳಕಿಗಿಂತಲೂ ಅಗತ್ಯ. ಹಳೆಯ ಓಣಿಯಲ್ಲಿ ಉದ್ರಿ ಕೊಡುವ ಕಿರಾಣಿ ಅಂಗಡಿ, ಖಾನಾವಳಿ, ಊರಿನವರ ಗುಂಪು, ಮುಷ್ಕರದ ತಿಂಗಳಲ್ಲಿ ಬಾಡಿಗೆಗೆ ತಡೆಯುವ ಒಡೆಯ ಇದ್ದರು. ಸರಕಾರದ ಚಾಳಿನಲ್ಲಿ ಇವು ಯಾವುವೂ ಇರಲಿಲ್ಲ. ತಿಂಗಳ ಮೊದಲ ವಾರಕ್ಕೆ ಬರುವ ಗುಮಾಸ್ತನೊಬ್ಬನಿದ್ದನು. ಲಾಯ್ಡನ ಇಲಾಖೆಯು ತಲೆಗಳನ್ನೆಣಿಸಿ ಖೋಲಿಗಳನ್ನು ಕಟ್ಟಿತು. ಆ ತಲೆಗಳು ಯಾವ ಯಾವ ನೂಲಿನಿಂದ ಯಾವ ಗಿರಣಿಗೆ, ಯಾವ ಹಳ್ಳಿಗೆ, ಯಾವ ಅಂಗಡಿಯ ಸಾಲಕ್ಕೆ ಕಟ್ಟಿಬಿದ್ದಿದ್ದವೆಂಬುದನ್ನು ನೋಡಲಿಲ್ಲ. ಈ ಚಾಳುಗಳು ಪೂರ್ಣವಾಗಿ ತುಂಬಿದುದು ಎರಡನೆಯ ಮಹಾಯುದ್ಧದ ಕಾಲದ ನೂಕುನುಗ್ಗಲಿನಲ್ಲಿ.

ಕನ್ನಡ ನಾಡಿನಿಂದ ಬಂದವರು ಈ ಚಿತ್ರದಲ್ಲಿ ಎಲ್ಲಿದ್ದಾರೆ? ಎರಡು ದಾರಿಗಳಿಂದ ಬಂದರು. ಎರಡು ಬಗೆಯಾಗಿ ನೆಲೆಸಿದರು. ಧಾರವಾಡ, ಬೆಳಗಾವಿ, ವಿಜಾಪುರಗಳೂ ೧೮೬೨ರಿಂದ ಉತ್ತರ ಕನ್ನಡವೂ ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಆದುದರಿಂದ ಆ ಭಾಗದ ವಿದ್ಯಾವಂತನಿಗೆ ವಿಶ್ವವಿದ್ಯಾಲಯ, ಹೈಕೋರ್ಟು, ಸಚಿವಾಲಯ ಎಲ್ಲವೂ ಮುಂಬಯಿಯೇ ಆಗಿತ್ತು. ದಕ್ಷಿಣ ಕನ್ನಡ ಮದರಾಸಿಗೆ ಸೇರಿದ್ದರೂ ಅಲ್ಲಿಯವರಿಗೆ ಮದರಾಸಿಗಿಂತ ಮುಂಬಯಿಯೇ ಹತ್ತಿರ. ಮಂಗಳೂರಿನ ಬಂದರಿನಲ್ಲಿ ಹಡಗು ಹತ್ತಿದರೆ ಸಾಕಿತ್ತು. ಘಟ್ಟದ ಮೇಲಿನವರು ಹೆಚ್ಚಾಗಿ ಕಚೇರಿಗೆ ಬಂದರು, ಕರಾವಳಿಯವರು ಹೆಚ್ಚಾಗಿ ಹೋಟೆಲಿಗೆ.

ಹೋಟೆಲಿನ ಹುಡುಗನನ್ನು ಬಾಡಿಗೆದಾರನೆಂದು ಎಣಿಸುವಂತಿಲ್ಲ. ಹತ್ತು ಹನ್ನೆರಡರ ವಯಸ್ಸಿಗೆ ಬಂದವನಿಗೆ ಊಟ ಹೋಟೆಲಿನದೇ, ನಿದ್ದೆಯೂ ಹೋಟೆಲಿನದೇ. ರಾತ್ರಿ ಗಿರಾಕಿಗಳು ಹೋದ ಮೇಲೆ ನೆಲ ತೊಳೆದು, ಮೇಜುಗಳನ್ನು ಒತ್ತರಿಸಿ, ಅಲ್ಲಿಯೇ ಉರುಳಿಕೊಳ್ಳುವುದು. ಕೆಲಸ ಹೋದರೆ ಅದೇ ಕ್ಷಣ ಹಾಸಿಗೆಯೂ ಹೋಯಿತು. ಕನ್ನಡಿಗರ ರಾತ್ರಿ ಶಾಲೆಗಳನ್ನು ಕುರಿತು ನಾವು ಅಭಿಮಾನದಿಂದ ಬರೆಯುತ್ತೇವೆ. ಅವು ಅಭಿಮಾನಕ್ಕೆ ಯೋಗ್ಯವೇ ಸರಿ. ಆದರೆ ಆ ಶಾಲೆಯಿಂದ ಹಿಂದಿರುಗಿದ ಹುಡುಗನು ಎಲ್ಲಿ ಮಲಗಿದನೆಂಬುದನ್ನು ನಮ್ಮ ಸಂಸ್ಥೆಗಳ ಇತಿಹಾಸಗಳು ಅಪರೂಪವಾಗಿ ಹೇಳುತ್ತವೆ. ಮುಂಬಯಿಯ ದುಡಿಮೆಗಾರರಲ್ಲಿ ಬಾಡಿಗೆ ಕೊಡುವಷ್ಟು ಸ್ವತಂತ್ರರಲ್ಲದ ದೊಡ್ಡ ವರ್ಗವೊಂದು ಎಂದಿಗೂ ಇದ್ದಿತು. ಹೋಟೆಲಿನ ಮಾಣಿ, ಮನೆಗೆಲಸದ ರಾಮಾ, ಅಂಗಡಿಯ ಪೋರ, ಎಲ್ಲರೂ ಅದಕ್ಕೆ ಸೇರಿದವರು. ಇವರಲ್ಲೊಬ್ಬನು ಪಾಲಿಗೆ ಹೋಟೆಲು ಹಿಡಿದು, ಮದುವೆಯಾಗಿ, ಹೆಂಡತಿಯನ್ನು ಕರೆತಂದ ದಿನ ನಗರದಲ್ಲಿ ಒಬ್ಬ ಹೊಸ ಬಾಡಿಗೆದಾರನು ಹುಟ್ಟುತ್ತಿದ್ದನು. ಜನಸಂಖ್ಯೆ ಅಂದು ಒಂದರಿಂದ ಹೆಚ್ಚಿದರೆ, ಬೇಡಿಕೆ ಒಂದು ಇಡೀ ಮನೆಯಿಂದ ಹೆಚ್ಚಿತು.

ಕಚೇರಿಯ ಕೆಲಸಕ್ಕೆ ಬಂದವರ ಕಥೆ ಬೇರೆ. ಗುಮಾಸ್ತನಿಗೆ ಸಂಬಳ ಗೊತ್ತಾದುದು, ವರ್ಗಾವಣೆ ಕಡಿಮೆ, ಮಕ್ಕಳಿಗೆ ಶಾಲೆ ಬೇಕು. ಆತನು ಬೇಗನೆ ಸಂಸಾರ ತಂದನು. ಸಂಸಾರಕ್ಕೆ ಚಾಳಿನ ಸಾರ್ವಜನಿಕ ನಲ್ಲಿಯೂ ಪಾಯಖಾನೆಯೂ ಒಗ್ಗಲಿಲ್ಲ. ಮಡಿ ಮೈಲಿಗೆಯ ವಿಚಾರವೂ ಇದರಲ್ಲಿ ಇರಲಿಲ್ಲವೆನ್ನಲಾಗದು. ಟ್ರಸ್ಟಿನವರು ದಾದರ ಮಾಟುಂಗಗಳಲ್ಲಿ ಬಿಡಿಸಿದ ನಿವೇಶನಗಳ ಮೇಲೆ ೧೯೩೦ರ ದಶಕದಲ್ಲಿ ಮೂರು ಮಹಡಿಯ ಕಟ್ಟಡಗಳು ಏಳತೊಡಗಿದಾಗ, ಅಡಿಗೆಮನೆ ಬಚ್ಚಲು ಒಳಗೇ ಇರುವ 'ಬ್ಲಾಕು'ಗಳಿಗೆ ಮೊದಲು ಹೋದವರಲ್ಲಿ ದಕ್ಷಿಣದವರು ಬಹಳ. ಮೈಸೂರು ಅಸೋಸಿಯೇಷನ್ ೧೯೨೬ರಲ್ಲಿಯೂ ಕರ್ನಾಟಕ ಸಂಘ ೧೯೩೩ರಲ್ಲಿಯೂ ಹುಟ್ಟಿದವು. ಎರಡೂ ಕೊನೆಗೆ ಮಾಟುಂಗ ಮಾಹಿಮಗಳ ನೆರೆಯಲ್ಲಿ ನೆಲೆ ಕಂಡುದು ಆಕಸ್ಮಿಕವಲ್ಲ. ೧೯೪೨ರಲ್ಲಿ ಎ. ರಾಮ ನಾಯಕರು ಮಾಟುಂಗದ ಸ್ಟೇಷನ್ನಿನ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದುದಕ್ಕೂ ಇದೇ ಕಾರಣ. ಕುಟುಂಬವಿದ್ದ ಗುಮಾಸ್ತನ ಹಿಂದೆಯೇ ಕುಟುಂಬವಿಲ್ಲದ ಗುಮಾಸ್ತನೂ ಬಂದು ಒಂದು ಕೋಣೆ ಹಿಡಿಯುತ್ತಿದ್ದನು. ಅವನಿಗೆ ಊಟ ಬೇಕಿತ್ತು.

ಆದರೆ ಕನ್ನಡ ಕರಾವಳಿಯವರು ಈ ನಗರದ ಮನೆಗಳ ಇತಿಹಾಸಕ್ಕೆ ಕೊಟ್ಟ ನಿಜವಾದ ಹೊಸ ವಸ್ತು ಬೇರೆಯದು. ಉತ್ತರ ದಕ್ಷಿಣ ಕನ್ನಡಗಳಿಂದ ಬಂದ ಚಿತ್ರಾಪುರ ಸಾರಸ್ವತರ ಮನೆಮಾತು ಕೊಂಕಣಿ, ಓದುಬರಹದ ನುಡಿ ಬಹುಮಟ್ಟಿಗೆ ಕನ್ನಡ. ಅವರಲ್ಲಿ ರಾವ್ ಬಹದ್ದೂರ್ ಶ್ರೀಪಾದ ಸುಬ್ರಾಯ ತಾಲಮಕಿಯವರು ೧೯೦೬ರಲ್ಲಿ ಶಾಮರಾವ್ ವಿಠಲ ಸಹಕಾರಿ ಪತ್ತಿನ ಸಂಘವನ್ನೂ, ೧೯೧೫ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹಸಂಘವನ್ನೂ ಸ್ಥಾಪಿಸಿದರು. (೧೯೦೯ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕಟ್ಟಡ ಸಹಕಾರ ಸಂಘವು ದೇಶದಲ್ಲಿಯೇ ಮೊದಲನೆಯದೆನ್ನುತ್ತಾರೆ, ಇದೂ ನಮ್ಮ ನೆನಪಿನಲ್ಲಿರಲಿ.) ಗಾಮದೇವಿಯ ವ್ಯವಸ್ಥೆ ಹೇಗೆಂದರೆ, ನೆಲ ಟ್ರಸ್ಟಿನಿಂದ ಗುತ್ತಿಗೆಗೆ, ಕಟ್ಟಡ ಸಂಘದ್ದು, ಸದಸ್ಯನು ಸಂಘದ ಬಾಡಿಗೆದಾರ. ಆತನು ಬಾಡಿಗೆ ಕೊಡುವುದೂ ತನಗೇ, ಪಡೆಯುವುದೂ ತಾನೇ. ಒಡೆಯನ ಲಾಭವನ್ನು ತೆಗೆದುಹಾಕಿದರೆ ಮಧ್ಯಮವರ್ಗದ ಸಂಸಾರಕ್ಕೆ ನಗರದಲ್ಲಿ ಮನೆ ಎಟುಕುತ್ತದೆಂಬುದನ್ನು ತಾಲಮಕಿಯವರು ಲೆಕ್ಕ ಹಾಕಿ ತೋರಿಸಿದರು. ಇದರ ಮಹತ್ತ್ವವನ್ನು ಒಪ್ಪುತ್ತಲೇ, ಆ ಲೆಕ್ಕಕ್ಕೆ ಒಂದು ಬೇಲಿಯಿತ್ತೆಂಬುದನ್ನೂ ಹೇಳಬೇಕು: ಸದಸ್ಯನಾಗಲು ಸಮಾಜದವನಾಗಿರಬೇಕಿತ್ತು. ಪರಸ್ಪರ ವಿಶ್ವಾಸವಿಲ್ಲದೆ ಸಾಲ ಹುಟ್ಟದ ಆ ಕಾಲದಲ್ಲಿ ಅದು ಸಹಜವೇ ಆಗಿದ್ದಿರಬಹುದು. ಆದರೆ ಒಂದೊಂದು ಸಮಾಜವೂ ತನ್ನ ತನ್ನ ಸೊಸೈಟಿಯನ್ನು ಕಟ್ಟಿಕೊಂಡ ಮೇಲೆ, ಯಾವ ಸಮಾಜದ ಬೆನ್ನೂ ಇಲ್ಲದೆ ಬಂದವನಿಗೆ ಬಾಗಿಲುಗಳು ಇನ್ನಷ್ಟು ಕಡಿಮೆಯಾದವು. ಅಹಮದಾಬಾದಿನ ಪಾರಸಿಗಳ ಸಂಘವೊಂದರ ಪ್ರಕರಣದಲ್ಲಿ ೨೦೦೫ರಲ್ಲಿ ಸುಪ್ರೀಂ ಕೋರ್ಟು ಇಂತಹ ನಿರ್ಬಂಧವನ್ನು ಎತ್ತಿಹಿಡಿಯಿತು.

ಎರಡನೆಯ ಮಹಾಯುದ್ಧವೂ ದೇಶವಿಭಜನೆಯೂ ಎಲ್ಲ ಲೆಕ್ಕವನ್ನು ತಲೆಕೆಳಗು ಮಾಡಿದವು. ೧೯೪೧ರಲ್ಲಿ ದ್ವೀಪನಗರದ ಜನ ೧೪ ಲಕ್ಷ ೯೦ ಸಾವಿರ. ೧೯೫೧ರಲ್ಲಿ ೨೩ ಲಕ್ಷ ೨೯ ಸಾವಿರ. ಸಿಂಧಿನಿಂದ ಬಂದ ನಿರಾಶ್ರಿತರು ಕಲ್ಯಾಣದ ಸೇನಾ ಶಿಬಿರದಲ್ಲೂ ಚೆಂಬೂರು, ಶೀವ, ಮುಲುಂಡಗಳಲ್ಲೂ ನೆಲೆಸಿದರು. ಹಿಂದಿರುಗಲು ಊರಿಲ್ಲದ ಇಷ್ಟು ದೊಡ್ಡ ಸಮೂಹವನ್ನು ಮುಂಬಯಿ ಕಂಡುದು ಬಹುಶಃ ಅದೇ ಮೊದಲು. ಈ ಸಂದರ್ಭದಲ್ಲಿ ಬಂದುದು ೧೯೪೭ರ ಬಾಡಿಗೆ ಮತ್ತು ವಸತಿಗೃಹ ದರ ನಿಯಂತ್ರಣ ಕಾಯಿದೆ. ೧೯೪೮ರ ಫೆಬ್ರವರಿ ೧೩ರಿಂದ ಅದು ಜಾರಿಗೆ ಬಂದಿತು. ೧೯೪೦ರ ಸೆಪ್ಟೆಂಬರ್ ಒಂದರಂದು ಇದ್ದ ಬಾಡಿಗೆಯೇ ನ್ಯಾಯವಾದ ಬಾಡಿಗೆ. ಬಾಡಿಗೆ ಸಲ್ಲಿಸುವವನನ್ನು ಸುಮ್ಮನೆ ಒಕ್ಕಲೆಬ್ಬಿಸುವಂತಿಲ್ಲ. ಆತನು ತೀರಿಕೊಂಡರೆ ಜೊತೆಗಿದ್ದ ಕುಟುಂಬದವರಿಗೆ ಹಕ್ಕು ಸಲ್ಲುತ್ತದೆ. ತಾತ್ಕಾಲಿಕವೆಂದು ಹುಟ್ಟಿದ ಈ ಕಾಯಿದೆಯ ಅವಧಿಯನ್ನು ಮತ್ತೆ ಮತ್ತೆ ಹಿಗ್ಗಿಸಿ ಅರ್ಧ ಶತಮಾನ ನಡೆಸಿದರು.

ದಕ್ಷಿಣ ಕನ್ನಡದವರಿಗೆ ಇದನ್ನು ವಿವರಿಸಲು ಕಾನೂನಿನ ಪರಿಭಾಷೆ ಬೇಕಿಲ್ಲ. ಅಲ್ಲಿ ಚಾಲಗೇಣಿಯೆಂದರೆ ಒಡೆಯನ ಇಚ್ಛೆ ಇರುವವರೆಗಿನ ಒಕ್ಕಲುತನ. ಮೂಲಗೇಣಿಯೆಂದರೆ ವಂಶಪಾರಂಪರ್ಯವಾದ, ಗೇಣಿ ಏರದ ಒಕ್ಕಲುತನ. ೧೯೪೭ರ ಕಾಯಿದೆಯು ಮುಂಬಯಿಯ ಚಾಲಗೇಣಿಯವರನ್ನೆಲ್ಲ ಒಂದೇ ಏಟಿಗೆ ಮೂಲಗೇಣಿಯವರನ್ನಾಗಿ ಮಾಡಿತು. ಬಿಡಾರಕ್ಕೆ ಮನೆಯ ಹಕ್ಕು ಬಂದಿತು. ಮೂಲಗೇಣಿಯ ಹಕ್ಕಿಗೆ ಬೆಲೆಯುಂಟಷ್ಟೆ. ಆ ಬೆಲೆಯ ಹೆಸರೇ ಪಗಡಿ. ಬಿಟ್ಟುಹೋಗುವ ಬಾಡಿಗೆದಾರನು ಬರುವವನಿಂದ ಗಂಟು ಹಣ ಪಡೆದು, ಸಾಮಾನ್ಯವಾಗಿ ಅದರ ಮೂರರಲ್ಲೊಂದು ಪಾಲನ್ನು ಒಡೆಯನಿಗೆ ಒಪ್ಪಿಸಿ, ರಸೀದಿಯ ಹೆಸರನ್ನು ಬದಲಿಸಿಕೊಡುತ್ತಿದ್ದನು. ಕಾಯಿದೆಗೆ ಇದು ಅಪರಾಧ. ನಗರಕ್ಕೆ ನಿತ್ಯದ ವ್ಯವಹಾರ. ತಿಂಗಳ ಬಾಡಿಗೆ ಹತ್ತೋ ಇಪ್ಪತ್ತೋ ರೂಪಾಯಿ. ಒಳಹೋಗುವ ಸುಂಕ ಸಾವಿರಗಳು, ಆಮೇಲೆ ಲಕ್ಷಗಳು. ಹೊಸದಾಗಿ ಬಂದ ಹುಡುಗನಲ್ಲಿ ಆ ಗಂಟು ಎಲ್ಲಿಯದು? ಈ ಕಾಯಿದೆಯು ಲಕ್ಷಾಂತರ ಸಂಸಾರಗಳನ್ನು ಬೀದಿಗೆ ಬೀಳದಂತೆ ಕಾಪಾಡಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ನಮ್ಮಲ್ಲಿ ಅನೇಕರ ತಂದೆತಾಯಿಗಳು ಆ ರಕ್ಷಣೆಯಲ್ಲಿಯೇ ನಮ್ಮನ್ನು ಓದಿಸಿದರು. ಆದರೆ ಅದು ಒಳಗಿದ್ದವರನ್ನು ಕಾಪಾಡಿದುದು ಆಮೇಲೆ ಬರುವವರ ಖರ್ಚಿನಲ್ಲಿ. ಬಂದು ಹೋಗುವವರಿಗಾಗಿ ಕಟ್ಟಿದ ಖೋಲಿಗಳಲ್ಲಿ ಬಂದವರು ನಿಂತರು. ೧೯೪೭ರಲ್ಲಿ ಒಳಗಿದ್ದವನಿಗೂ ೧೯೬೭ರಲ್ಲಿ ಸ್ಟೇಷನ್ನಿನಲ್ಲಿಳಿದವನಿಗೂ ನಡುವೆ ಒಂದು ಗೋಡೆ ಎದ್ದಿತು. ಇಬ್ಬರೂ ಒಂದೇ ಊರಿನವರಾಗಿದ್ದರೂ ಸರಿಯೆ.

ಒಡೆಯನು ದುರಸ್ತಿಯನ್ನು ನಿಲ್ಲಿಸಿದನು. ಕಟ್ಟಡಗಳು ಮಳೆಗಾಲದಲ್ಲಿ ಕುಸಿಯತೊಡಗಿದಾಗ ೧೯೬೯ರ ಕಾಯಿದೆಯಿಂದ ಸರಕಾರವೇ ಸೆಸ್ಸು ವಿಧಿಸಿ ದುರಸ್ತಿಯ ಮಂಡಳಿಯನ್ನು ರಚಿಸಬೇಕಾಯಿತು. ಹಾಗೆ ಪಟ್ಟಿಗೆ ಬಂದ ಹಳೆಯ ಕಟ್ಟಡಗಳು ೧೯,೬೪೨. ಹೊಸದಾಗಿ ಬಾಡಿಗೆಗೆಂದು ಕಟ್ಟುವವರು ಇಲ್ಲವಾದರು, ಮಾರುವುದಕ್ಕೆ ಕಟ್ಟಿದರು. ಬಾಡಿಗೆಯೆಂಬ ಹೆಸರನ್ನು ತಪ್ಪಿಸಲು ಲೀವ್ ಅಂಡ್ ಲೈಸೆನ್ಸೆಂಬ ಅನುಮತಿಯ ಉಪಾಯ ಹುಟ್ಟಿತು. ೧೯೭೩ರ ಫೆಬ್ರವರಿ ಒಂದರಂದು ಅಂತಹ ಅನುಮತಿಯಲ್ಲಿ ಇದ್ದವರನ್ನೂ ತಿದ್ದುಪಡಿಯೊಂದು ಬಾಡಿಗೆದಾರರೆಂದೇ ಘೋಷಿಸಿದಾಗ, ಉಳಿದ ಒಡೆಯರು ಪಾಠ ಕಲಿತರು: ಖಾಲಿ ಮನೆಗೆ ಬೀಗ ಹಾಕುವುದೇ ಕ್ಷೇಮ.

ಒಡೆಯರ ಪಕ್ಷದ ಅಳಲು ಕೊನೆಗೆ ಸುಪ್ರೀಂ ಕೋರ್ಟಿನ ಮುಂದೆ ನಿಂತ ಪ್ರಕರಣಕ್ಕೆ 'ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ರಾಜ್ಯ' ಎಂದು ಹೆಸರು. ಮಲ್ಪೆಯೆಂಬ ಕರಾವಳಿಯ ಬಂದರಿನ ಹೆಸರು ಮುಂಬಯಿಯ ಬಾಡಿಗೆಯ ಇತಿಹಾಸದಲ್ಲಿ ಹೀಗೆ ಒಡೆಯರ ಕಡೆಯಿಂದ ಸೇರಿಕೊಂಡಿತು. ೧೯೪೦ರ ಬಾಡಿಗೆಗೆ ಎಲ್ಲವನ್ನೂ ಕಟ್ಟಿಹಾಕುವುದು ಕಾಲ ಕಳೆದಂ‌ತೆ ಅನ್ಯಾಯವಾಗಿ ಪರಿಣಮಿಸಿದೆಯೆಂದು ೧೯೯೭ರ ಡಿಸೆಂಬರಿನಲ್ಲಿ ನ್ಯಾಯಾಲಯ ಹೇಳಿತು. ಕಾಯಿದೆಯ ಅವಧಿ ಕೆಲವೇ ತಿಂಗಳಲ್ಲಿ ಮುಗಿಯುವುದರಲ್ಲಿದ್ದುದರಿಂದ ಅದನ್ನು ರದ್ದುಗೊಳಿಸಲಿಲ್ಲ. ಇದರ ಫಲವಾದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ, ೧೯೯೯, ಮರುವರ್ಷ ಮಾರ್ಚ್ ೩೧ರಿಂದ ನಡೆಯಿತು. ಹಳೆಯ ಬಾಡಿಗೆಗೆ ವರ್ಷಕ್ಕೆ ನೂರಕ್ಕೆ ನಾಲ್ಕರ ಏರಿಕೆ, ಪಗಡಿಗೆ ಕಾನೂನಿನ ಮಾನ್ಯತೆ, ಬ್ಯಾಂಕುಗಳು ಮತ್ತು ದೊಡ್ಡ ಕಂಪನಿಗಳಿಗೆ ಕೊಟ್ಟ ಕಟ್ಟಡಗಳಿಗೆ ವಿನಾಯಿತಿ, ಅನುಮತಿಯ ಅವಧಿ ತೀರಿದವನನ್ನು ಬೇಗ ಹೊರಡಿಸುವ ಮಾರ್ಗ, ಇವು ಅದರ ಮುಖ್ಯ ಅಂಶಗಳು. ಮೂಲಗೇಣಿ ಮೂಲಗೇಣಿಯಾಗಿಯೇ ಉಳಿಯಿತು; ಹೊಸಬನಿಗೆ ಅಚ್ಚ ಚಾಲಗೇಣಿ ಬಂದಿತು. ಊರಿನ ಕಡೆ ೧೯೭೪ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಚಾಲಗೇಣಿಯ ಒಕ್ಕಲು ಭೂಮಿಯ ಒಡೆಯನಾದುದನ್ನು ನೆನೆದರೆ, ಊರಲ್ಲಿ ಒಕ್ಕಲಿಗೆ ಗದ್ದೆ ಬಿಟ್ಟುಕೊಟ್ಟು ಮುಂಬಯಿಗೆ ಬಂದು ಇಲ್ಲಿ ತಾವೇ ಒಕ್ಕಲಾಗಿ ಕಾಯಿದೆಯ ನೆರಳಲ್ಲಿ ಬಾಳಿದ ಕುಟುಂಬಗಳ ವಿಚಿತ್ರ ಸ್ಥಿತಿ ಅರ್ಥವಾಗುತ್ತದೆ. ಅಂತಹವರು ಎರಡು ಕಾಯಿದೆಗಳನ್ನೂ ಒಂದೇ ಬಾಯಲ್ಲಿ ಹೊಗಳಲಾರರು, ತೆಗಳಲಾರರು.

೨೦೧೧ರ ಗಣತಿಯಲ್ಲಿ ಮುಂಬಯಿಯಲ್ಲಿ ಸುಮಾರು ೪ ಲಕ್ಷ ೮೦ ಸಾವಿರ ಮನೆಗಳು ಖಾಲಿಯಿದ್ದವು. ಅದೇ ಗಣತಿಯಲ್ಲಿ ನಗರದ ೧ ಕೋಟಿ ೨೪ ಲಕ್ಷ ಜನರಲ್ಲಿ ೫೨ ಲಕ್ಷದಷ್ಟು ಜನ ಝೋಪಡಪಟ್ಟಿಗಳಲ್ಲಿದ್ದರು. ವರಳಿಯ ಖಾಲಿ ಖೋಲಿಗಳ ಕಥೆಯೇ ಇನ್ನೂ ದೊಡ್ಡದಾಗಿ ಮರಳಿ ಬಂದಿದೆ ಎನ್ನಬೇಕು. ದೇಶದ ನಗರಗಳಲ್ಲಿ ೧೯೬೧ರಲ್ಲಿ ನೂರಕ್ಕೆ ೫೪ ಸಂಸಾರಗಳು ಬಾಡಿಗೆಯಲ್ಲಿದ್ದುವು, ೨೦೧೧ರಲ್ಲಿ ೨೮ ಮಾತ್ರ ಎಂದು ಸರಕಾರದ ಆರ್ಥಿಕ ಸಮೀಕ್ಷೆ ಲೆಕ್ಕ ಕೊಟ್ಟಿದೆ. ಬಾಡಿಗೆಗೆ ಬೇಡಿಕೆ ಇಳಿದುದರಿಂದ ಹೀಗಾಯಿತೆಂದು ಯಾರೂ ಹೇಳಲಾರರು. ಝೋಪಡಪಟ್ಟಿಯಲ್ಲಿಯೂ ಒಡೆಯನಿದ್ದಾನೆ, ಬಾಡಿಗೆದಾರನಿದ್ದಾನೆ. ಅಟ್ಟಕ್ಕೆ ಏಣಿ ಹಾಕಿ ಮೇಲಿನ ಅರ್ಧವನ್ನು ಬಾಡಿಗೆಗೆ ಕೊಡುವುದು ಅಲ್ಲಿ ನಿತ್ಯದ ಸಂಗತಿ. ೧೯೯೫ರಿಂದ ನಡೆದ ಪುನರ್ವಸತಿಯ ಯೋಜನೆಗಳು ಇಂತಹ ದಿನಾಂಕಕ್ಕೆ ಮೊದಲು ಗುಡಿಸಲಿದ್ದವನಿಗೆ ಮನೆ ಎನ್ನುತ್ತವೆ. ೧೯೪೦ರ ಸೆಪ್ಟೆಂಬರ್ ಒಂದು, ೧೯೭೩ರ ಫೆಬ್ರವರಿ ಒಂದು, ೨೦೦೦ದ ಜನವರಿ ಒಂದು: ಈ ನಗರದಲ್ಲಿ ವಸತಿಯ ಹಕ್ಕು ಯಾವಾಗಲೂ ಪಂಚಾಂಗದಿಂದ ಹುಟ್ಟಿದೆ. ಗುಡಿಸಲಿನ ಅಟ್ಟದ ಬಾಡಿಗೆದಾರನಿಗೆ ಆ ಪಂಚಾಂಗದಲ್ಲಿ ತಿಥಿಯಿಲ್ಲ.

ಈಗ ಮುಂಬಯಿಯಲ್ಲಿ ಬಾಡಿಗೆ ಕೊಡುವವರಲ್ಲಿ ಬ್ಯಾಂಕು ಹಾಗೂ ಕಂಪ್ಯೂಟರ್ ಕಂಪನಿಗಳ ತರುಣರು, ನಾಲ್ಕು ಜನ ಸೇರಿ ಒಂದು ಫ್ಲಾಟು ಹಿಡಿಯುವ ಹುಡುಗಿಯರು, ಮನೆ ಕಟ್ಟಡ ಒಡೆದು ಹೊಸದು ಏಳುವವರೆಗೆ ಮೂರು ನಾಲ್ಕು ವರ್ಷ ಹೊರಗಿರುವ ಸಂಸಾರಗಳು, ವರ್ಗಾವಣೆಯ ಅಧಿಕಾರಿಗಳು, ವಿದ್ಯಾರ್ಥಿಗಳು. ಹನ್ನೊಂದು ತಿಂಗಳ ಒಪ್ಪಂದ, ದಲ್ಲಾಳಿಗೆ ಒಂದು ತಿಂಗಳು, ಠೇವಣಿ ಬೇರೆ. ಜೊತೆಗೆ ಜಾತಿ, ಧರ್ಮ, ಊಟದ ಬಗೆ, ಮದುವೆಯಾಗಿದೆಯೇ ಎಂಬ ಪ್ರಶ್ನೆಗಳು. ಬಡೋದೆಯ ಛತ್ರದ ಮಾತು ಪೂರ್ತಿಯಾಗಿ ಹಳೆಯದಾಗಿಲ್ಲ. ಇವರಲ್ಲಿಯೂ ಬಹುಜನಕ್ಕೆ ಬೇರೊಂದು ಕಡೆ ಮನೆಯಿದೆ. ಗಿರಣಿಯವನಿಗೆ ರತ್ನಾಗಿರಿ ಹೇಗೋ ಇವರಿಗೆ ಹುಬ್ಬಳ್ಳಿಯೋ ಇಂದೂರೋ ಹಾಗೆ.

೧೯೮೨ರ ಜನವರಿಯಲ್ಲಿ ತೊಡಗಿದ ಎರಡೂವರೆ ಲಕ್ಷ ಕಾರ್ಮಿಕರ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆದರೆ ಚಾಳುಗಳ ಬಾಡಿಗೆಯ ರಸೀದಿಗಳು ಉಳಿದವು. ವರಳಿಯ ಅಭಿವೃದ್ಧಿ ಇಲಾಖೆಯ ಚಾಳುಗಳನ್ನು ಕೆಡವಿ ಗೋಪುರಗಳನ್ನೆಬ್ಬಿಸಲಾಗುತ್ತಿದ್ದು, ೨೦೨೫ರ ಆಗಸ್ಟಿನಲ್ಲಿ ಮೊದಲ ೫೫೬ ಕುಟುಂಬಗಳಿಗೆ ಕೀಲಿಕೈ ಕೊಟ್ಟರು. ೧೬೦ ಚದರ ಅಡಿಯ ಬಾಡಿಗೆಯ ಖೋಲಿಗೆ ಪ್ರತಿಯಾಗಿ ೫೦೦ ಚದರ ಅಡಿಯ ಸ್ವಂತ ಮನೆ. ಮೂರು ನಾಲ್ಕು ತಲೆಮಾರು ಬಿಡಾರದಲ್ಲಿದ್ದವರಿಗೆ ಮನೆ ಆಯಿತು, ಸಂತೋಷದ ವಿಷಯ. ಹೊಸದಾಗಿ ಬರುವವನಿಗೆ ಬಾಡಿಗೆಗೆ ಸಿಗಬಹುದಾಗಿದ್ದ ಸಾರ್ವಜನಿಕ ಖೋಲಿಗಳ ಲೆಕ್ಕದಿಂದ ಅವು ಅದೇ ದಿನ ಕಳೆದುಹೋದವು. ಈ ನಗರದ ಗೋಪುರಗಳಿಗೆ ಕಲ್ಲು ಮಣ್ಣು ಹೊರಲು ದಶಕಗಳಿಂದ ಬರುತ್ತಿರುವವರಲ್ಲಿ ಕಲಬುರಗಿ ವಿಜಾಪುರಗಳ ಕಡೆಯವರು ಬಹಳ ಮಂದಿ. ಕೆಲಸ ನಡೆವಷ್ಟು ದಿನ ಕಟ್ಟಡದ ಬುಡದಲ್ಲಿಯೇ ತಗಡಿನ ಮರೆ. ಮುಗಿದ ಮೇಲೆ ಇನ್ನೊಂದು ಕಟ್ಟಡದ ಬುಡ. ಅದನ್ನು ಅವರು ಬಿಡಾರವೆಂದೂ ಕರೆಯುವುದಿಲ್ಲ, ಸೈಟು ಎನ್ನುತ್ತಾರೆ.